ತಟ್ಟೆಯಲ್ಲಿ ಬೆಳೆದ ಹಲ್ಲು

"ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕೇಳಿದ್ದೆ. ಇವರು ಬೆಟ್ಟ ಅಗೆದು ಬರೀ ಇಲಿ ಹಲ್ಲು ಹಿಡೀತಾರೆ!"

ಅವನಿಗೆ ಕೇಳಿಸಲೆಂದೇ ಅವಳು ಕಾರಿಡಾರಿನಲ್ಲಿ ಹಾಗೆಂದಳು.

ಅವನ ಅಡ್ಡಹೆಸರು ಜರಡಿ. ಹಳೆಯ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಲಕ್ಷಾಂತರ ವರ್ಷಗಳ ಹಿಂದೆ ಸತ್ತ ಇಲಿಗಳ ಹಲ್ಲು ಹೆಕ್ಕುವ ಮಹಾನುಭಾವ. ಸಾಸಿವೆಯಷ್ಟು ಹಲ್ಲು ಸಿಕ್ಕರೆ ರಾಜ್ಯ ಗೆದ್ದವನ ಹಾಗೆ ಬೀಗುತ್ತಿದ್ದ. ಎದುರು ಲ್ಯಾಬಿನ ಅವಳು ತಟ್ಟೆ ಮೇಡಂ. ಇಲಿ ಭ್ರೂಣದ ದವಡೆಯಿಂದ ಹಲ್ಲಿನ ಮೊಳಕೆ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುವವಳು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಕಾಣದಿದ್ದರೆ ಇಬ್ಬರಿಗೂ ಊಟ ಸೇರದು. ಇಂಥ ದಡ್ಡರಿಗೆ ಡಾಕ್ಟರೇಟ್ ಕೊಟ್ಟವರಿಗೆ ದೊಡ್ಡ ನಮಸ್ಕಾರ.

ಅವನು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ನೋಟ ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ ನಿಂತಿತು.

"ನಿಮ್ದು ವಿಜ್ಞಾನ ಅಲ್ಲ ಕಣ್ರೀ, ಅಡುಗೆ. ತಟ್ಟೆಗೆ ಹಾಕೋದು, ಬೆಚ್ಚಗಿಡೋದು, ಉಬ್ಬಿತಾ ಅಂತ ಇಣುಕಿ ನೋಡೋದು."

ಅವಳ ಕಿವಿ ಕೆಂಪಾಯಿತು. ಕೋಪಕ್ಕೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಅವತ್ತೇ ಸಂಜೆ ತನ್ನ ತಟ್ಟೆಯಲ್ಲಿ ಬೆಳೆದ ಒಂದು ಹಲ್ಲನ್ನು ಟೀಯಲ್ಲಿ ನೆನೆಸಿ ಕಂದು ಮಾಡಿದಳು. ಅವನು ಕೈ ತೊಳೆಯಲು ಹೋದಾಗ ಅವನ ಟ್ರೇಯ ಮಣ್ಣಿನ ಕಾಳುಗಳ ಮಧ್ಯೆ ಉದುರಿಸಿ ಬಂದಳು. ಅದನ್ನು ಹಳೆಯ ಹಲ್ಲೆಂದು ನಂಬಿ ಅವನು ಕುಣಿಯಬೇಕು, ಆಮೇಲೆ ತಾನು ಹೊಟ್ಟೆ ಹಿಡಿದುಕೊಂಡು ನಗಬೇಕು. ಪ್ಲಾನು ಇಷ್ಟೇ.

ಅವನು ಕುಣಿದ. "ಹೊಸ ಜಾತಿಯ ಇಲಿ! ಶುಕ್ರವಾರದ ಸಭೇಲಿ ತೋರಿಸ್ತೀನಿ. ನೀವೂ ಬನ್ನಿ, ಉರ್ಕೊಳ್ಳೋಕೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಂದರು. ಉಪದೇಶದ ಚಟದಿಂದಾಗಿ ಎಲ್ಲರ ಬಾಯಲ್ಲೂ ಅವರು ದೊಡ್ಡಪ್ಪ.

"ನೋಡಪ್ಪಾ, ಶುಕ್ರವಾರ ಹೊಸದೇನಾದ್ರೂ ಗಟ್ಟಿಯಾದದ್ದು ತೋರಿಸಿದ್ರೆ ನಿನ್ನ ಕೆಲಸ ಉಳಿಯುತ್ತೆ. ಇಲ್ಲಾ, ಜರಡಿ ಎತ್ಕೊಂಡು ಹೊರಡು."

ಅವಳ ಪ್ಲಾನಿನಲ್ಲಿ ಇದು ಇರಲಿಲ್ಲ. ನಿಜ ಹೇಳಬೇಕೆಂದು ಅವನ ಬಾಗಿಲವರೆಗೆ ಹೋಗುವಳು. ಅವನ ಸೊಕ್ಕಿನ ಬೆನ್ನು ಕಂಡರೆ ತಿರುಗಿ ಬರುವಳು. ಕೊನೆಗೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಸೇಡು ತೀರಿಸ್ಕೊಂಡ್ಯೋ, ಇಲ್ಲ ಅವನು ನಿನ್ನ ಕಡೆ ನೋಡ್ಲಿ ಅಂತ ಮಾಡಿದ್ಯೋ?" ಅಕ್ಕ ಕೇಳಿದಳು.

"ಥೂ! ಆ ಜರಡಿನಾ?"

"ನಿನ್ನ ಥೂನಲ್ಲೇ ಗೊತ್ತಾಯ್ತು ಬಿಡೇ."

ಶುಕ್ರವಾರ. ಸಭೆ ತುಂಬಿತ್ತು. ಇಸ್ತ್ರಿ ಕಾಣದ ಅಂಗಿಯಲ್ಲಿ ಅವನು, ದೊಡ್ಡ ಹೀರೋ ಎಂಟ್ರಿ ಎಂಬಂತೆ, ಪರದೆಯ ಮುಂದೆ ನಿಂತ. "ಈಗ ನೋಡಿ, ಆ ಹಲ್ಲು..."

"ನಿಲ್ಸಿ!"

ಅವಳು ಎದ್ದು ನಿಂತಿದ್ದಳು. ತಲೆ ತಗ್ಗಿಸಲಿಲ್ಲ.

"ಅದು ಹಳೇ ಹಲ್ಲಲ್ಲ. ನನ್ನ ತಟ್ಟೇದು. ಟೀಯಲ್ಲಿ ನೆನೆಸಿ ಇವರ ಟ್ರೇಗೆ ಹಾಕಿದ್ದು ನಾನೇ. ಕಳಿಸೋದಾದ್ರೆ ನನ್ನ ಕಳಿಸಿ, ಇವರನ್ನಲ್ಲ."

"ಏನಮ್ಮಾ ಇದು, ಮಕ್ಕಳಾಟ!" ದೊಡ್ಡಪ್ಪ ಗುಡುಗಿದರು.

ಅವನು ಬಟನ್ ಒತ್ತಿದ. ಪರದೆಯ ಮೇಲೆ ಅದೇ ಹಲ್ಲು. ಕೆಳಗೆ ದಪ್ಪಕ್ಷರ: ಇದು ನಿನ್ನೆ ಮೊನ್ನೆ ಹುಟ್ಟಿದ ಹಲ್ಲು.

"ಗೊತ್ತಿತ್ತು ಸರ್. ಒಂದು ಕಾಳೂ ಅಗಿದ ಗುರುತಿಲ್ಲ. ಇದು ಎರಡನೇ ದವಡೆ ಹಲ್ಲು. ಇಲೀಲಿ ಮೊದಲನೇದು ತನ್ನ ಹಿಂದಿರೋದನ್ನ ತುಳಿದೇ ಇಡುತ್ತೆ, ಪೂರ್ತಿ ಬೆಳೆಯೋಕೆ ಬಿಡಲ್ಲ. ಮೊಳಕೇಲೇ ಮೊದಲನೇದನ್ನ ಕತ್ತರಿಸಿ ಬೇರೆ ಮಾಡಿದ್ರೆ ಎರಡನೇದು ಹೀಗೆ ಕೊಬ್ಬುತ್ತೆ. ಇಲ್ಲಿ ಆ ಕೆಲಸ ಮಾಡೋದು ಮೇಡಂ ಒಬ್ಬರೇ." ಇನ್ನೊಂದು ಚಿತ್ರ ಬಂತು: ಸಾಲಾಗಿ ಹಳೆಯ ದವಡೆಗಳು. "ನನ್ನ ಇಲಿಗಳಲ್ಲೂ ಕಾಲ ಕಳೆದಂತೆ ಎರಡನೇದು ದಪ್ಪ ಆಗ್ತಾ ಬಂದಿದೆ. ಯಾಕೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಮೊದಲನೇ ಹಲ್ಲಿನ ದಬ್ಬಾಳಿಕೆ ಕಮ್ಮಿ ಆಗಿರ್ಬೇಕು ಅಂತ ಇವರ ಕಿತಾಪತಿ ನೋಡಿ ಹೊಳೀತು."

ದೊಡ್ಡಪ್ಪ ಮುಂದಕ್ಕೆ ಬಾಗಿ ನೋಡಿದರು. ಸುಮಾರು ಹೊತ್ತು ನೋಡಿದರು. "ಹ್ಞೂಂ, ಗಟ್ಟಿ ಇದೆ. ಇರಪ್ಪಾ ಇಲ್ಲೇ. ಏನಮ್ಮಾ, ಇನ್ನೊಂದ್ಸಲ ಕಿತಾಪತಿ ಮಾಡಿದ್ರೆ ನೋಡು."

ಹೊರಗೆ ಬಂದದ್ದೇ ಅವಳು ಅವನ ದಾರಿಗೆ ಅಡ್ಡ ನಿಂತಳು.

"ಗೊತ್ತಿದ್ದೂ ಹೊಸ ಜಾತಿ ಅಂತ ಕುಣಿದ್ಯಲ್ಲೋ, ನಾಚಿಕೆ ಆಗಲ್ವಾ?"

"ಮೆಲ್ಲಗೆ ಬಂದು ನನ್ನ ಕಿವೀಲಿ ಹೇಳ್ತೀಯ ಅಂತ ಕಾಯ್ತಿದ್ದೆ." ಅವನ ದನಿಯಲ್ಲಿ ಸೊಕ್ಕು ಹುಡುಕಿದರೂ ಸಿಗಲಿಲ್ಲ. "ಸಭೆ ಮುಂದೆ ಹೇಳ್ತೀಯ ಅಂತ ಅಂದ್ಕೊಂಡಿರ್ಲಿಲ್ಲ. ನನಗೋಸ್ಕರನಾ?"

"ನಿನಗೋಸ್ಕರ? ಮುಖ ನೋಡ್ಕೋ ಕನ್ನಡೀಲಿ! ದುರಹಂಕಾರಿ, ಕೊಳಕ, ಒಂದು ಅಂಗಿ ಇಸ್ತ್ರಿ ಮಾಡೋಕೆ ಬರಲ್ಲ..." ಅವಳ ಕಣ್ಣು ತುಂಬಿತು. "ನೀನು ಹೊರಟು ಹೋದ್ರೆ ನಾನು ಯಾರನ್ನ ಬೈಲಿ?"

ಅವನು ಕನ್ನಡಕ ತೆಗೆದ. ಅವಳು ಮಸುಕಾಗಿ ಕಂಡಿರಬೇಕು. ಸರಿಯಾಗಿ ನೋಡಲು ಹತ್ತಿರ ಬಂದ.

"ಜೀವನಪೂರ್ತಿ ಬೈತೀಯಾ?"

ಅವಳು ಅವನ ಕಾಲರ್ ಹಿಡಿದು ಎಳೆದುಕೊಂಡಳು.

"ಅಷ್ಟು ಸಾಕಾಗಲ್ಲ ಕಣೋ."