ಜಯಮಾಲಾ ಇಲ್ಲ ಅಂದಳು

2004ರ ಫೆಬ್ರವರಿ 9, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಶಹಾಬಾದ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈಯಲ್ಲಿ ತಾಮ್ರದ ತಂಬಿಗೆ ಇತ್ತು. ಹೆಸರು ಪದ್ಮಜಾ. ಗಂಡ ವಿಠ್ಠಲ್ ವಾಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ನಸುಕಿನಲ್ಲಿ ಸ್ಕೂಟರ್ ತೆಗೆದುಕೊಂಡು ಊರ ಹೊರಗಿನ ಹಳೆಯ ಕಲ್ಲಿನ ಖಣಿಗೆ ಹೋಗಿ, ಅದರ ನೀರಿನಲ್ಲಿ ಈಜಿ, ದಂಡೆಯ ಮೇಲೆ ಸಂಧ್ಯಾವಂದನೆ ಮುಗಿಸಿ ಬರುವ ಮನುಷ್ಯ. ರವಿವಾರ ಹೋದವನು ಬಂದಿರಲಿಲ್ಲ. ಸ್ಕೂಟರು, ಮಡಚಿಟ್ಟ ಧೋತರ, ಈ ತಂಬಿಗೆ ದಂಡೆಯ ಮೇಲೆಯೇ ಇದ್ದವು.

"ತಂಬಿಗಿ ಯಾಕ್ ಎತ್ಕೊಂಡು ಬಂದ್ರಿ ಬಾಯಿ? ಮುಟ್ಟಬಾರದಿತ್ತು," ಎಂದು ಇನ್ಸ್‌ಪೆಕ್ಟರ್ ಜಗದೇವಪ್ಪ ಗದರಿದರು. ಮರುಕ್ಷಣ ತಮ್ಮ ಗದರಿಕೆಗೆ ತಾವೇ ನಾಚಿ, "ಕುಂದ್ರಿ, ಕುಂದ್ರಿ," ಎಂದರು.

"ಮನ್ಯಾಗ ಜಗಳ ಏನರ?"

"ಇಲ್ರಿ."

"ಕಚೇರ್ಯಾಗ ತ್ರಾಸ?"

"ಅದೂ ಇಲ್ರಿ. ಅವರಿಗೆ ಈಜು ಛಲೋ ಬರ್ತದ. ಅದಕ್ಕ ಜನ ಮುಳುಗಿಲ್ಲ, ಯಾರದೋ ಸಂಗಡ ಓಡಿ ಹೋಗ್ಯಾರ ಅನ್ಲಿಕತ್ತಾರ." ಪದ್ಮಜಾ ಅಳಲಿಲ್ಲ. "ಹಣಿ ಮ್ಯಾಲಿನ ಕುಂಕುಮ ಇಟ್ಕೊಳ್ಳೋದೋ ಅಳಸೋದೋ, ಅಷ್ಟು ಹೇಳ್ರಿ ಸಾಹೇಬ್ರ. ಬ್ಯಾರೆ ಏನೂ ಕೇಳಂಗಿಲ್ಲ."

ಮನುಷ್ಯ ಕಾಣೆ ಎಂದು ಎಫ್‌ಐಆರ್ ಆಯಿತು. ಜಗದೇವಪ್ಪ ಹೆಡ್ ಕಾನ್‌ಸ್ಟೇಬಲ್ ಲಾಲ್ ಅಹ್ಮದ್‌ನನ್ನು ಕರೆದು ಒಂದೇ ಮಾತು ಹೇಳಿದರು: "ಜಯಮಾಲಾನ್ನ ಕರಕೊಂಡು ಬಾ."

ಆ ಸೀಮೆಯಲ್ಲಿ ಜಯಮಾಲಾ ಯಾರೆಂದು ಕೂಸಿಗೂ ಗೊತ್ತು. ಸನ್ನತಿಯ ನದಿ ದಂಡೆಯ ಮನೆತನ. ತಂದೆ ಅಂಬರಾಯ ಭೀಮೆಯಲ್ಲಿ ದೋಣಿ ನಡೆಸಿದವನು, ಮುಳುಗಿದವರನ್ನು ಎತ್ತಿ ಕೊಟ್ಟವನು. ಅವನಿಗೆ ದಮ್ಮು ಹತ್ತಿದ ಮೇಲೆ ಆ ಕೆಲಸ ಮಗಳ ಹೆಗಲಿಗೆ ಬಂತು. ಉಸಿರು ಹಿಡಿಯುವುದರಲ್ಲಿ ಅವಳಿಗೆ ಅವಳೇ ಸಾಟಿ. ಈಜು ತರಬೇತುದಾರರೊಬ್ಬರ ಕಣ್ಣಿಗೆ ಬಿದ್ದು, 1998ರಲ್ಲಿ ವಿಶಾಖಪಟ್ಟಣದ ಸಮುದ್ರದಲ್ಲಿ ಒಂದೇ ಉಸಿರಿಗೆ ಹಗ್ಗದ ಗುಂಟ ಇಳಿದು, ಕೊನೆಗೆ ಕಟ್ಟಿದ ಬಿಲ್ಲೆ ಕಿತ್ತು ತಂದಳು. ಹೆಂಗಸರಲ್ಲಿ ದೇಶದ ದಾಖಲೆ. ಎರಡು ವರ್ಷದ ನಂತರ ತನ್ನ ದಾಖಲೆಯನ್ನು ತಾನೇ ಮುರಿದಳು. ಸಮುದ್ರವೇ ಇಲ್ಲದ ಸೀಮೆಯ ಹುಡುಗಿ! ಈಗ ಮೂರನೆಯದಕ್ಕೆ ಸಜ್ಜಾಗಿದ್ದಳು. ಅದೂ ಇದೇ ಖಣಿಯಲ್ಲಿ, ಬರುವ ರವಿವಾರ, ಪುಣೆಯಿಂದ ಬರುವ ನಿರ್ಣಾಯಕರ ಮುಂದೆ. ಚಿತ್ತಾಪುರದ ತಹಶೀಲ್ದಾರರ ಪರವಾನಗಿಯೂ ಸಿಕ್ಕಿತ್ತು.

ಮಧ್ಯಾಹ್ನ ಪಂಚರ ಸಮಕ್ಷಮ ಜಯಮಾಲಾ ನೀರಿಗಿಳಿದಳು. ಸೊಂಟದಲ್ಲಿ ಜೊಂಡು ಕೊಯ್ಯುವ ಚಾಕು, ಕೈಯಲ್ಲಿ ಠಾಣೆಯ ಹಗ್ಗದ ಒಂದು ತುದಿ. ಇನ್ನೊಂದು ತುದಿ ದಂಡೆಯಲ್ಲಿ ಲಾಲ್ ಅಹ್ಮದ್‌ನ ಹಿಡಿತದಲ್ಲಿ. ಶವ ಸಿಕ್ಕರೆ ಅದಕ್ಕೆ ಹಗ್ಗ ಕಟ್ಟಿ ಜಗ್ಗುವುದು ಪದ್ಧತಿ. ಮೂರು ಸಲ ಮುಳುಗಿದಳು. ಎರಡನೆಯ ಸಲ ಎಷ್ಟು ತಡವಾಯಿತೆಂದರೆ ಲಾಲ್ ಅಹ್ಮದ್ "ಯಾ ಅಲ್ಲಾ, ಯಾ ಅಲ್ಲಾ" ಎನ್ನತೊಡಗಿದ್ದ.

"ಇಲ್ರಿ ಸಾಹೇಬ್ರ," ಎಂದಳು ಮೇಲೆ ಬಂದು. "ನೆಲ ಮುಟ್ಟಿ ಬಂದೀನಿ. ಯಾರೂ ಇಲ್ಲ."

ಜಯಮಾಲಾ ಇಲ್ಲ ಅಂದರೆ ಇಲ್ಲ. ಅವಳ ಮಾತನ್ನು ಪರೀಕ್ಷಿಸಲು ಆ ಆಳಕ್ಕೆ ಇಳಿಯುವ ಇನ್ನೊಬ್ಬರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಪರೀಕ್ಷಿಸಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಪಂಚನಾಮೆ ಬರೆದಾಯಿತು. ರವಿವಾರದ ಪರವಾನಗಿ ಹಾಗೆಯೇ ಉಳಿಯಿತು. ಓಡಿ ಹೋಗಿದ್ದಾನೆ ಎನ್ನುವವರ ನಾಲಿಗೆಗೆ ಎಲುಬಿಲ್ಲದಂತಾಯಿತು.

ಪೊಲೀಸರೂ ಆ ಮಾತಿನ ಬೆನ್ನು ಹತ್ತಿದರು. ಪದ್ಮಜಾಳ ತವರಾದ ಚಿಂಚೋಳಿ ಕಡೆಯ ಐನಾಪುರದಲ್ಲಿ ವಿಚಾರಣೆ, ವಾಡಿ ಜಂಕ್ಷನ್ನಿನಲ್ಲಿ ವಿಚಾರಣೆ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ವಿಠ್ಠಲ್ ಒಬ್ಬ ಹೆಂಗಸಿನ ಜೊತೆ ಕುಂತಿದ್ದ ಎಂದು ಸುದ್ದಿ ಬಂತು. ಲಾಲ್ ಅಹ್ಮದ್ ಹೋಗಿ ಹಿಡಿದು ನೋಡಿದರೆ ಅವನು ಮುಧೋಳದ ಬೀಜದ ವ್ಯಾಪಾರಿ. ಪಕ್ಕದಲ್ಲಿದ್ದವಳು ಅವನ ಖಾಸಾ ಹೆಂಡತಿ. ಅವಳು ಬಸ್‌ಸ್ಟ್ಯಾಂಡಿನ ತುಂಬಾ ಕೇಳುವಂತೆ ಹೆಡ್ ಕಾನ್‌ಸ್ಟೇಬಲ್‌ನ ಮಾನ ಹರಾಜು ಹಾಕಿದಳು.

ಪದ್ಮಜಾ ದಿನಾ ಠಾಣೆಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಜಗದೇವಪ್ಪನವರದು ಮೊದಲೇ ಉಡದ ಪಟ್ಟು. ಆ ಕುಂಕುಮದ ಹಣೆ ಎದುರಿಗಿರುವಾಗ ಫೈಲು ಮುಚ್ಚುವ ಮಾತೇ ಇರಲಿಲ್ಲ. ಓಡಿ ಹೋಗುವವನು ಧೋತರ ಬಿಟ್ಟು ಒದ್ದೆ ಪಂಚೆಯಲ್ಲಿ ಓಡುತ್ತಾನೆಯೇ? ಒಂದು ಮಾತು ಕೇಳಿಬರೋಣವೆಂದು ಶುಕ್ರವಾರ ಅವರು ಸನ್ನತಿಗೆ, ಅಂಬರಾಯನ ಮನೆಗೆ ಹೋದರು.

ಮುದುಕ ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ.

"ನೀರಾಗ ಹೋದ ಹೆಣ ಮ್ಯಾಲ ಬರಲಾರದಂಗ ಇರ್ತದೇನು ಅಂಬರಾಯ?"

"ಮೂರು ದಿನಕ್ಕ ಬರ್ತದ್ರಿ. ಭಾಳ ಆಳ ಇತ್ತು, ತಂಪಿತ್ತು ಅಂದ್ರ ಇನ್ನೊಂದೆರಡು ದಿನ. ಅದಕ್ಕ ಮೀರಿ ಇರಂಗಿಲ್ಲ, ಏನಾದ್ರೂ ಹಿಡದು ನಿಲ್ಲಸಿದ್ರ ಬ್ಯಾರೆ."

"ಖಣ್ಯಾಗ ಏನೂ ಇಲ್ಲ ಅಂದಾಳ ನಿನ್ನ ಮಗಳು."

"ಹಂಗಾದ್ರ ಇಲ್ಲ ಬಿಡ್ರಿ." ಮುದುಕನ ಮುಖ ಹಿಗ್ಗಿತು. "ಮುಷ್ಟಿ ಮಣ್ಣು ತಂದು ತೋರ್ಸಿರ್ಬೇಕಲ್ಲ? ನೆಲ ಮುಟ್ಟಿದವ್ರು ಕೈಯಾಗ ಕೆಸರು ತರ್ತಾರ. ನಮ್ಮಪ್ಪನ ಕಾಲದಿಂದ ಅದು ಹಂಗ. ನಾ ಆಕಿಗೆ ಅದನ್ನ ಮೊದಲ ಕಲಿಸೀನಿ."

ಜಗದೇವಪ್ಪ ನೆನಪಿಸಿಕೊಂಡರು. ಜಯಮಾಲಾ ದಂಡೆಗೆ ಬಂದು ಎರಡೂ ಅಂಗೈ ಊರಿ ಹತ್ತಿದ್ದಳು. ಕಲ್ಲಿನ ಮೇಲೆ ಬರೀ ನೀರಿನ ಗುರುತು ಉಳಿದಿತ್ತು.

"ತರದಿದ್ರ?"

"ನೆಲ ಮುಟ್ಟಿಲ್ಲ ಅಂತ ಅರ್ಥ. ಇಲ್ಲಾ, ಕೈಗೆ ಬ್ಯಾರೆ ಕೆಲಸ ಇತ್ತು ಅಂತ." ಮುದುಕ ನಕ್ಕ. ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ಪಾಪ, ಅವನಿಗೆ ತಿಳಿಯಲಿಲ್ಲ.

ಒಂದು ಮುಷ್ಟಿ ಕೆಸರು ತರಲಿಲ್ಲವೆಂದು ದೇಶದ ದಾಖಲೆಯ ಹುಡುಗಿಯ ಮೇಲೆ ಕೇಸು ಹಾಕಲು ಬರುವುದಿಲ್ಲ. ಶನಿವಾರವೆಲ್ಲ ಜಗದೇವಪ್ಪ ಗುಲಬರ್ಗಾಕ್ಕೆ ಫೋನು ಮಾಡಿ ಪಂಪು ಕೇಳಿದರು. ಆ ಖಣಿ ಬತ್ತಿಸಲು ತಿಂಗಳು ಬೇಕೆಂದು ಉತ್ತರ ಬಂತು. ರವಿವಾರ ಬೆಳಿಗ್ಗೆ ಬಂದೋಬಸ್ತಿಗೆ ಹೊರಡುವಾಗ, ಜನರನ್ನು ತಡೆಯಲು ಬೇಕೆಂದು ಲಾಲ್ ಅಹ್ಮದ್ ಠಾಣೆಯ ಹಗ್ಗ ಬಿಚ್ಚಿದ.

"ಸರ್, ಹಗ್ಗ ಗಿಡ್ಡ ಆಗ್ಯದ. ತುದಿಗೆ ಹಾಕಿದ್ದ ಗಂಟೇ ಇಲ್ಲ. ಇಲಿ ಕಡದಿರ್ಬೇಕು."

ಜಗದೇವಪ್ಪ ತುದಿ ಹಿಡಿದು ನೋಡಿದರು. ಎಳೆಗಳೆಲ್ಲ ಒಂದೇ ಸಮ ಕೊಯ್ದಿದ್ದವು.

"ಇಲಿಗೆ ಚಾಕು ಯಾರು ಕೊಟ್ರೋ ಮಾರಾಯಾ? ಪೇದೆ ಮಾಸುಮಬಿಗೆ ಜೀಪ್ ಹತ್ತಲಿಕ್ಕೆ ಹೇಳು."

ಖಣಿಯ ಸುತ್ತ ಜನವೋ ಜನ. ನೀರಿನ ನಡುವೆ ಡ್ರಮ್ಮುಗಳ ತೆಪ್ಪ, ಅದರಿಂದ ಇಳಿಬಿಟ್ಟ ಹಗ್ಗ. ಪುಣೆಯ ಇಬ್ಬರು ನಿರ್ಣಾಯಕರು ಬಿಳಿ ಟೋಪಿ ಹಾಕಿಕೊಂಡು ಕುಂತಿದ್ದರು. ದಂಡೆಯ ಡೇರೆಯೊಳಗೆ ಜಯಮಾಲಾ ಕಣ್ಣು ಮುಚ್ಚಿ ಉಸಿರು ತೆಗೆದು ಬಿಡುತ್ತಿದ್ದಳು. ಜಗದೇವಪ್ಪ, ಲಾಲ್ ಅಹ್ಮದ್, ಮಹಿಳಾ ಪೇದೆ ಮಾಸುಮಬಿ ಒಳಗೆ ಬಂದರು. ಹಗ್ಗದ ತುದಿಯನ್ನು ಅವಳ ಮುಂದೆ ಇಟ್ಟರು.

"ಎಲ್ಲಿ ಅದಾನ?"

ಜಯಮಾಲಾ ಹಗ್ಗ ನೋಡಿದಳು. ಸುಳ್ಳು ಹೇಳಲು ಬಾಯಿ ತೆರೆದಳು, ಬರಲಿಲ್ಲ.

"ಬಡಗಣ ಗ್ವಾಡಿ ಬುಡಕ. ಹಳೆ ಟ್ರಾಲಿ ಹಳಿ ಅದ. ಮ್ಯಾಲ ತೇಲಬಾರದಂತ ಈ ಹಗ್ಗದ ತುಂಡು ಕೊಯ್ದು ಅದಕ್ಕ ಕಟ್ಟೀನಿ."

"ನೀ ಕೊಂದಿಯೇನು?"

"ಬಿಡ್ತು ಅನ್ರಿ! ನಾ ಹೋದಾಗ ಕಣ್ಣು ತೆರಕೊಂಡು ಬಿದ್ದಿದ್ರು." ಅವಳು ಹಗ್ಗದ ತುದಿ ಪಕ್ಕಕ್ಕೆ ಸರಿಸಿದಳು. "ನಾಳೆ ನಾನ ತೆಗದು ಕೊಡ್ತಿದ್ದೆ ಸಾಹೇಬ್ರ, ಚಂದ್ರಲಾಂಬಾನ ಆಣಿ. ಸೋಮವಾರ ಹೂಂ ಅಂದಿದ್ರ ತಹಶೀಲ್ದಾರ್ರು ಪರವಾನಗಿ ತೆಗೀತಿದ್ರು. ಹಿಂದೊಮ್ಮೆ ಹಿಂಗ ಪುಣೆಯವ್ರು ಬಂದು ಕುಂತಿದ್ರು. ಕಾಗಿಣಾ ಹೊಳ್ಯಾಗ ಹೆಣ ಅದ ಬಾ ಅಂತ ನಿಮ್ಮ ಜೀಪ್ ಬಂತು. ನಾ ತಿರುಗಿ ಬರೋದ್ರಾಗ ಅವ್ರು ರೈಲ್ ಹತ್ತಿದ್ರು. ಲಾಲ್ ಅಹ್ಮದ್ ಕಾಕಾನ್ನ ಕೇಳ್ರಿ, ಅವ್ರ ಬಂದಿದ್ರು ಕರಿಯಾಕ."

ಲಾಲ್ ಅಹ್ಮದ್ ನೆಲ ನೋಡಿದ. ಅದು ಖರೇ ಇತ್ತು.

"ಅರ್ಧ ತಾಸು ಬಿಡ್ರಿ. ಬಿಲ್ಲೆ ತಂದು ಅವರ ಕೈಯಾಗ ಇಟ್ಟು, ಹಿಂದಿಂದನ ಇವ್ರನ್ನೂ ತರ್ತೀನಿ. ಆಮ್ಯಾಲ ಏನರ ಮಾಡ್ರಿ."

ಜಗದೇವಪ್ಪನವರಿಗೆ ಮರುಕ ಬರಲಿಲ್ಲವೆಂದಲ್ಲ. ಆದರೂ ಡೇರೆಯ ಪರದೆ ಸರಿಸಿದರು. ಜನರ ಅಂಚಿನಲ್ಲಿ, ಗಂಡನ ಧೋತರವಿದ್ದ ಅದೇ ಕಲ್ಲಿನ ಪಕ್ಕ ಪದ್ಮಜಾ ನಿಂತಿದ್ದಳು.

"ಆಕಿಗೆ ನೀನ ಹೋಗಿ ಹೇಳು, ಅರ್ಧ ತಾಸು ತಡೀ ಅಂತ."

ಜಯಮಾಲಾ ನೋಡಿದಳು. ಆಮೇಲೆ ಎದ್ದು, "ಹಗ್ಗ ಕೊಡ್ರಿ," ಎಂದಳು.

ಅವಳು ತೆಪ್ಪಕ್ಕೆ ಹೋಗದೆ ಬಡಗಣ ಗೋಡೆಯ ಕಡೆ ಈಜಿದಾಗ ಜನರಿಗೆ ಏನೂ ತಿಳಿಯಲಿಲ್ಲ, ಸಿಳ್ಳೆ ಹಾಕಿದರು. ಒಮ್ಮೆ ಆಕಾಶ ನೋಡಿ, ಬಾಯಿ ತುಂಬಾ ಗಾಳಿ ಎಳೆದು, ಮುಳುಗಿದಳು. ಲಾಲ್ ಅಹ್ಮದ್‌ನ ಕೈಯಿಂದ ಹಗ್ಗ ಸರಸರ ಜಾರಿತು, ನಿಂತಿತು. ಸಿಳ್ಳೆಗಳು ಒಂದೊಂದಾಗಿ ಅಡಗಿದವು. ಹಗ್ಗ ಎರಡು ಸಲ ಜಗ್ಗಿತು. ಜಯಮಾಲಾ ನೀಲಿಗಟ್ಟಿದ ತುಟಿಯೊಂದಿಗೆ ಮೇಲೆ ಬಂದಳು, ಅವಳ ಹಿಂದೆ ಹಗ್ಗದ ತುದಿಯಲ್ಲಿ ವಿಠ್ಠಲ್ ಬಂದ.

ಹಗ್ಗ ಇಳಿದ ಉದ್ದ ನೋಡಿದರೆ ಅವಳು ಮುಟ್ಟಿದ ಜಾಗ ತಾವು ಬಿಲ್ಲೆ ಕಟ್ಟಿದ್ದಕ್ಕಿಂತಲೂ ಕೆಳಗೆ ಇದೆ, ಆದರೆ ಬಿಲ್ಲೆ ತರದೆ ತಾವು ಏನೂ ಬರೆದುಕೊಳ್ಳುವಂತಿಲ್ಲ ಎಂದು ನಿರ್ಣಾಯಕರಲ್ಲಿ ಹಿರಿಯರು ಜಗದೇವಪ್ಪನವರಿಗೆ ಹಿಂದಿಯಲ್ಲಿ ಹೇಳಿ ಟೋಪಿ ತೆಗೆದರು.

ಪದ್ಮಜಾ ಗಂಡನ ಮುಖ ನೋಡಿದಳು. ಖಣಿಯ ನೀರು ಬೊಗಸೆಯಲ್ಲಿ ತೆಗೆದು ಹಣೆ ತೊಳೆದುಕೊಂಡಳು. ಆಮೇಲೆ ಜಯಮಾಲಾಳ ಮುಂದೆ ಬಂದು ನಿಂತಳು.

"ಒಂದು ವಾರ ನಿನಗ ಅನ್ನ ಹ್ಯಾಂಗ ಇಳೀತು ತಂಗಿ?"

"ಇಳೀಲಿಲ್ರಿ ಬಾಯಿ."



ಮರಣೋತ್ತರ ಪರೀಕ್ಷೆಯಲ್ಲಿ ಗಾಯದ ಗುರುತು ಸಿಗಲಿಲ್ಲ. ಈಜುವಾಗ ಎದೆ ಹಿಡಿದು ಮುಳುಗಿದ್ದು ಎಂದು ವೈದ್ಯರು ಬರೆದರು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ, ಶವಕ್ಕೆ ಅಗೌರವ ಮಾಡಿದ್ದಕ್ಕೆ ಭಾರತೀಯ ದಂಡ ಸಂಹಿತೆಯ ಕಲಂ 177 ಮತ್ತು 297ರ ಅಡಿ ಪ್ರಕರಣ ದಾಖಲಾಗಿ ಜಯಮಾಲಾಳ ಬಂಧನವಾಯಿತು. ಠಾಣೆಯ ಹೊರಗೆ ಕಟ್ಟೆಯ ಮೇಲೆ ಅಂಬರಾಯ ಕುಂತಿದ್ದ. ಹೋಗಿ ಬರುವವರಿಗೆಲ್ಲ, "ನಾನ ಹೇಳಿದೆ, ಮಣ್ಣಿನ ಮಾತು ನಾನ ಹೇಳಿದೆ," ಎನ್ನುತ್ತಿದ್ದ.

"ಎರಡು ದಾಖಲೆ ಇದ್ವು," ಎಂದರು ಜಗದೇವಪ್ಪ ಹೇಳಿಕೆ ಪಡೆಯುವಾಗ. "ಮೂರನೇದಕ್ಕ ಇಷ್ಟು ಯಾಕ್ ಜೀವ ಬಿಟ್ಟಿ?"

"ಅವೆರಡೂ ದೂರ ಆದವ್ರಿ, ನಮ್ಮವ್ರು ಯಾರೂ ನೋಡಿಲ್ಲ." ಜಯಮಾಲಾ ಮೇಜಿನ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತ ಹೇಳಿದಳು. "ಹದಿನಾರನೇ ವರ್ಷಕ್ಕ ಮೊದಲ್ನೇ ಹೆಣ ತೆಗದೆ. ಅವತ್ತಿಂದ ಲಗ್ನದ ಮನಿಗೆ ಕರಿಯಂಗಿಲ್ಲ. ಕೂಸಿನ ತೊಟ್ಲ ಮುಟ್ಟಗೊಡಂಗಿಲ್ಲ. ಅಂಗಡ್ಯಾಗ ಸಾಮಾನು ಕೈಯಾಗ ಇಡಂಗಿಲ್ಲ, ಕಟ್ಟಿ ಮ್ಯಾಲ ಇಡ್ತಾರ. ವಿಶಾಖಪಟ್ಟಣದಾಗ ಬಿಲ್ಲೆ ತಂದಾಗ ಮಂದಿ ಬಂದು ಬಂದು ಈ ಕೈ ಹಿಡದು ಕುಲುಕಿದ್ರು ಸಾಹೇಬ್ರ. ಇಲ್ಲಿ ನಮ್ಮ ನೀರಾಗ, ನಮ್ಮ ಮಂದಿ ಮುಂದ, ಹೆಣ ಅಲ್ಲದ್ದು ಏನರ ಒಂದು ಸಲ ಮ್ಯಾಲ ತರ್ತೀನಿ, ಆಗ ಇವ್ರೂ ಹಿಡೀತಾರ ಅಂತ ಮಾಡಿದ್ದೆ."

ಜಗದೇವಪ್ಪ ಅವಳ ಮಾತನ್ನು ಆಡಿದ ಹಾಗೆಯೇ ಬರೆದುಕೊಂಡರು. ಲಾಲ್ ಅಹ್ಮದ್ ಎದ್ದು ಹೊರಗೆ ಹೋದ.

ಬೆರಳಚ್ಚು ಬಾಕಿ ಇತ್ತು. ಮಾಸುಮಬಿ ಮಸಿಯ ಹಲಗೆ ತಂದು ಪಕ್ಕದಲ್ಲಿ ಕುಂತಳು. ಒಂದೊಂದೇ ಬೆರಳು ಹಿಡಿದು, ಮಸಿಗೆ ಹೊರಳಿಸಿ, ಕಾಗದಕ್ಕೆ ಒತ್ತಿದಳು. ಹತ್ತೂ ಮುಗಿದವು. ಜಯಮಾಲಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಾಸುಮಬಿಯೂ ಬಿಡಲಿಲ್ಲ.