ಎಲ್ಲವನ್ನೂ ‘ಕೊಡಿ’ ಎನ್ನುವ ಊರು

“ಈ ಟೋಪಿ ಒಂಚೂರು ಹಿಡಿದುಕೊಡ್ತೀರಾ? ನಿಮಗೆ ಪುಣ್ಯ ಬರುತ್ತೆ...”

ಯಾದಿರಾ ತಲೆಯೆತ್ತಿದಳು. ಕರಾವಳಿಯ ತನ್ನೂರು ಗ್ವಾಯಾಕಿಲ್‌ನ ಸೆಕೆಯಿಂದ ಹೊರಟು, ಬೆಟ್ಟದೂರು ಕ್ವೆಂಕಾದ ಈ ಟೋಪಿ ಕಾರ್ಖಾನೆಗೆ ಕೆಲಸಕ್ಕೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಕೇಳಿದವನು ಎಫ್ರೇನ್, ಹುಲ್ಲಿನ ಟೋಪಿಗಳಿಗೆ ಇಸ್ತ್ರಿ ಹಾಕುವವನು.

“ಯಾಕೆ, ನಿನಗೆ ಕೈ ಇಲ್ವಾ?”

ಅವನು ಸಿಟ್ಟಾಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಅದನ್ನು ಕಂಡು ಅವಳ ಎದೆ ಯಾಕೋ ಝಲ್ಲೆಂದಿತು!

ಎರಡೂ ಊರಿನವರದು ಸ್ಪ್ಯಾನಿಷ್ ಭಾಷೆಯೇ. ಆದರೆ ಅವಳ ಕಡೆ ‘ತಾ’, ‘ಹಿಡಿ’, ‘ಆಚೆ ಸರಿ’... ಮುಗಿಯಿತು. ಇಲ್ಲಿಯವರೋ, ಬಾಗಿಲು ತೆಗೆದುಕೊಡಿ, ನೀರು ತುಂಬಿಕೊಡಿ ಎಂದು ಎಲ್ಲವನ್ನೂ ಬೇಡಿಯೇ ಪಡೆಯುವವರು. ಕಾರ್ಖಾನೆಯ ಒಡತಿ ದೋನ್ಯಾ ಸೊಯ್ಲಾ ಹಟಮಾರಿ ಮೊಮ್ಮಗಳಿಗೂ “ಇದೊಂದು ತುತ್ತು ತಿಂದುಕೊಡು ಬಂಗಾರ” ಎನ್ನುತ್ತಿದ್ದಳು.

ಅಬ್ಬಾ, ಮಗು ಉಂಡರೆ ಅದೂ ಅಜ್ಜಿಗೆ ಕೊಟ್ಟ ಉಡುಗೊರೆಯೇ!

ಒಂದು ಬೆಳಿಗ್ಗೆ ಎಫ್ರೇನ್ ಬಗ್ಗದ ಟೋಪಿಯಂಚನ್ನು ಸವರುತ್ತ ಪಿಸುಗುಟ್ಟುತ್ತಿದ್ದ. “ಸ್ವಲ್ಪ ಬಾಗಿಕೊಡು ತಾಯಿ...” ಅಂಚು ಮೆಲ್ಲನೆ ಬಾಗಿತು. ಯಾದಿರಾ ಉಸಿರು ಬಿಡುವುದನ್ನೂ ಮರೆತು ನಿಂತಳು. ಆವತ್ತೇ ಸೋತುಹೋದಳು ಹುಡುಗಿ.

ಅವಳು ಕೆಲಸಕ್ಕೆ ಸೇರಿದ ಎಂಟನೇ ತಿಂಗಳಲ್ಲಿ ಊರಿನಿಂದ ಫೋನ್ ಬಂತು.

“ಅಮ್ಮ ನನಗೆ ಅಲ್ಲೇ ಕೆಲಸ ನೋಡಿದಾಳೆ. ಶನಿವಾರ ಹೊರಡ್ತೀನಿ” ಎಂದಳು, ಅವನ ಮುಖವನ್ನೇ ನೋಡುತ್ತ.

ಎಫ್ರೇನ್ ಇಸ್ತ್ರಿ ನಿಲ್ಲಿಸಲಿಲ್ಲ. “ಒಳ್ಳೇದಾಗಲಿ” ಎಂದ.

ಹುಲ್ಲನ್ನೂ ಬೇಡಿಕೊಳ್ಳುವವನು... ನನ್ನನ್ನು ಒಂದು ಮಾತು ಕೇಳಬಾರದೇ? ಮೂರು ದಿನ ಅವಳಿಗೆ ಊಟ ಸೇರಲಿಲ್ಲ.

ಶನಿವಾರ ಅವನೇ ಪೆಟ್ಟಿಗೆ ಹೊತ್ತು ತಂದು ಬಸ್ಸಿಗೆ ಹಾಕಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಊರಿನವರನ್ನೆಲ್ಲ ಕೇಳ್ತೀಯ. ಇರು ಅಂತ ನನ್ನ ಯಾಕೆ ಕೇಳಲಿಲ್ಲ? ನಾನು ಬೇಡ್ವಾ?”

“ಹಾಗೆ ಕೇಳಿದ್ರೆ ಇಲ್ಲಿ ಯಾರೂ ‘ಇಲ್ಲ’ ಅನ್ನಲ್ಲ.” ಅವನು ಅವಳತ್ತ ತಿರುಗಿದ. “ನೀವೂ ‘ಇಲ್ಲ’ ಅನ್ನೋಕಾಗದೆ ಉಳಿದುಬಿಟ್ರೆ? ನನಗೆ ನಿಮ್ಮ ದಾಕ್ಷಿಣ್ಯ ಬೇಡ. ನೀವು ಬೇಕು.”

ಚಾಲಕ ಹಾರ್ನ್ ಬಾರಿಸಿದ. ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಬೇಡಿದವಳಲ್ಲ ಯಾದಿರಾ.

“ಎಫ್ರೇನ್... ನನ್ನ ಪೆಟ್ಟಿಗೆ ಇಳಿಸಿಕೊಡ್ತೀರಾ?”

ಅವನು ಬೆರಗಾಗಿ ಅವಳನ್ನೇ ನೋಡಿದ. ಪೆಟ್ಟಿಗೆ ಇಳಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು.

“ಇಳಿಸು ಅಂದಿದ್ರೆ ಸಾಕಿತ್ತು ಕಣೇ.”

“ಸಾಕಾಗ್ತಿರಲಿಲ್ಲ” ಎಂದಳು ಅವನ ಕೈ ಹಿಡಿಯುತ್ತ. “ನೀವು ‘ಇಲ್ಲ’ ಅನ್ನೋಕಾಗದ ಹಾಗೆ ಕೇಳಬೇಕಿತ್ತು.”