ಮಳೆಯಲ್ಲಿ ಡೇರೆ ಹಾಕುವ ಮನುಷ್ಯ

ಕಾಡುದಾರಿಯ ತಿರುವನ್ನು ತುಯ್ರೆ ದಾಟಿದ್ದೇ ತಡ, ಲಾವು ಎಂಬ ಚಾರಣಿಗರ ತಂಗುದಾಣದೊಳಗೆ ಕೂತಿದ್ದ ಆ ಗಂಡಸು ಮತ್ತೆ ಚೀಲ ಕಟ್ಟತೊಡಗಿದ!

ಮೂರು ದಿನದಿಂದ, ದಾರಿಯ ಪ್ರತಿ ತಂಗುದಾಣದಲ್ಲೂ ಇದೇ ಕಥೆ. ಮೂರು ಕಡೆ ಮರದ ಗೋಡೆ, ಮುಂದೆ ಬೆಂಕಿಗುಂಡಿ... ಲಾವು ಎಂದರೆ ನಡೆದು ಬಂದವರೆಲ್ಲರದೂ. ಎಂಟು ಜನ ಆರಾಮಾಗಿ ಮಲಗಬಹುದು. ನೆನೆದು ಬಂದವರಿಗೆ ಮೊದಲು ಬಂದವರು ಸರಿದು ಜಾಗ ಕೊಡುವುದು ವಾಡಿಕೆ.

ಈತ ಸರಿಯುವುದಿಲ್ಲ, ಎದ್ದೇ ಹೋಗುತ್ತಾನೆ! ಅವಳಿಗೆಂದು ಕಟ್ಟಿಗೆ ಸೀಳಿಟ್ಟು, ತಲೆ ತಗ್ಗಿಸಿ, ದೂರದಲ್ಲಿ ಮಳೆಯಲ್ಲೇ ಡೇರೆ ಹಾಕುತ್ತಾನೆ.

'ನಾನೇನು ಕರಡಿಯಾ?'

ನಾಳೆ ದಾರಿ ಮುಗಿಯುತ್ತದೆ. ಬಸ್ಸು ಹತ್ತಿದರೆ ಮತ್ತೆ ಈ ಮುಖ ಕಾಣುವುದಿಲ್ಲ. ಬೆಳಗಿನಿಂದ ತಾನು ಅವನ ಹಸಿರು ಟೋಪಿಯನ್ನೇ ಹುಡುಕುತ್ತಾ ನಡೆದಿದ್ದು ನೆನಪಾಗಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಸಾಕು ಮಾಡ್ರೀ! ನನ್ನ ಮೈ ಅಷ್ಟು ನಾರುತ್ತಾ?"

ಅವನು ಗಾಬರಿಯಾದ. "ಇಲ್ಲ... ಅಂದ್ರೆ, ಮೂರು ದಿನ ನಡೆದ್ರೆ ಎಲ್ಲರ ಮೈಯೂ..."

"ಮತ್ತೆ ಯಾಕೆ ಓಡ್ತೀರಿ?"

"ನಿಮಗೆ ತೊಂದರೆ ಆಗ್ಬಾರ್ದು ಅಂತ. ಮೊದಲ ದಿನ ನನ್ನ ನೋಡಿ ಇಷ್ಟುದ್ದ ನಿಟ್ಟುಸಿರು ಬಿಟ್ರಿ. ಒಬ್ಬರೇ ಇರೋಕೆ ಬಂದಿದ್ದಾರೆ ಅಂದ್ಕೊಂಡೆ."

"ಅಯ್ಯೋ ದೇವರೇ! ಹಿಮ್ಮಡಿಯ ಬೊಬ್ಬೆ ಒಡೆದಿತ್ತು ಕಣ್ರೀ! ಬಾಯಿಬಿಟ್ಟು ಕೇಳಬಾರದಿತ್ತಾ?"

"ಕೇಳೋದೂ ತೊಂದರೆನೇ ಅಲ್ವಾ?"

ತುಯ್ರೆ ಹಣೆ ಚಚ್ಚಿಕೊಂಡಳು. ಈ ದೇಶದ ಗಂಡಸರ ಸಭ್ಯತೆಗಿಷ್ಟು ಬೆಂಕಿ ಹಾಕ!

"ನನ್ನ ಗಂಡ ಹನ್ನೆರಡು ವರ್ಷ ಹೀಗೇ ಮಾಡಿದ. ನಾನು ಕೋಣೆಗೆ ಬಂದ್ರೆ ಪೇಪರ್ ಎತ್ಕೊಂಡು ಆಚೆ ಹೋಗ್ತಿದ್ದ. ಸಾಕಾಗಿ ಬಿಟ್ಟುಬಂದೆ. ಇಲ್ಲಿ, ಈ ಕಾಡಲ್ಲೂ..."

ಅವನು ಚೀಲ ಕೆಳಗಿಟ್ಟ. ಚಾಪೆ ಬಿಚ್ಚಿ, ಆ ತುದಿಯ ಗೋಡೆಗೆ ಅಂಟಿಸಿ ಹಾಸಿದ.

"ಅಲ್ಲಿಂದ ಏನು ಕೂಗಿ ಮಾತಾಡ್ತೀರಾ ಮಾರಾಯ್ರೆ?"

ಒಂದು ಗೇಣು ಸರಿಸಿದ. ಅವಳ ಮುಖ ನೋಡಿದ. ಇನ್ನೊಂದು ಗೇಣು... ಸಿಟ್ಟಿನ ನಡುವೆಯೇ ತುಯ್ರೆಗೆ ನಗು ಉಕ್ಕಿತು.

"ನನ್ನ ಹೆಸರು ಇಲ್ಪೊ," ಎಂದು ಕಾಫಿ ಕೆಟಲನ್ನು ಬೆಂಕಿಗಿಟ್ಟ. "ಇವತ್ತು ಮಾತಾಡಲೇಬೇಕು ಅಂತ ಮಧ್ಯಾಹ್ನದಿಂದ ಅಭ್ಯಾಸ ಮಾಡ್ತಿದ್ದೆ. ನಿಮ್ಮನ್ನ ಕಂಡ ಕೂಡಲೇ ಕೈ ತಾನಾಗೇ ಚೀಲಕ್ಕೆ ಹೋಯ್ತು."

"ಏನು ಮಾತಾಡೋಕೆ?"

"ಮುಂದಿನ ವಾರ ಉತ್ತರದ ದಾರಿಗೆ ಹೋಗ್ತಿದ್ದೀನಿ. ನೀವೂ ಬಂದ್ರೆ... ಬೇಡ ಅಂದ್ರೂ ಪರವಾಗಿಲ್ಲ, ನಿಮಗೆ ತೊಂದ..."

"ಆ ಮಾತು ಇನ್ನೊಂದ್ಸಲ ಆಡಿದ್ರೆ ನಿಮ್ಮನ್ನ ಕೆರೆಗೆ ತಳ್ತೀನಿ!"

ಇಬ್ಬರೂ ನಕ್ಕರು. ಕಾಫಿ ಉಕ್ಕಿ ಬೆಂಕಿ ಚುಂಯ್ ಎಂದಿತು.

"ಎಷ್ಟು ವರ್ಷದಿಂದ ಹೀಗೆ ಒಬ್ಬರೇ?"

"ಏಳು." ಅವನು ಬೆಂಕಿಯನ್ನೇ ನೋಡುತ್ತಿದ್ದ. "ಇರು ಅಂತ ಯಾರೂ ಹೇಳಲಿಲ್ಲ."

ತುಯ್ರೆ ಅವನ ತಣ್ಣನೆಯ ಕೈ ಹಿಡಿದಳು.

"ಇರು, ಇಲ್ಪೊ."